ಓಣಿಗೆಲ್ಲ ಒಂದೇ ವೈಫೈ, ಸೊಸೆಗೊಂದು ಪರೀಕ್ಷೆ

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ನಮ್ಮ ಸೊಸೆ. ಹೇಳುವಾಗ ಇದು ಕಥೆ ಅಂತ ಅವಳಿಗೂ ಗೊತ್ತಿರಲಿಲ್ಲ, ಪಾಠ ಅಂದುಕೊಂಡಿದ್ದಳು. ನಮ್ಮ ಮನೆಯಲ್ಲಿ ಯಾವಾಗಲೂ ಹೀಗೆಯೇ. ಗಂಭೀರವಾಗಿ ಶುರುವಾದದ್ದು ಗಂಭೀರವಾಗಿ ಮುಗಿದದ್ದೇ ಇಲ್ಲ. ಶಿವನಿಗೂ ನಗು ಬೇಕಲ್ಲ ಅಂತ ನಾನು ಸಮಾಧಾನ ಮಾಡಿಕೊಂಡಿದ್ದೇನೆ.

ಸೊಸೆ ಶಿಕಾರಿಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ಈ ವರ್ಷ ಅಲ್ಲಿ ಕ್ಲೌಡ್ ಅಂತ ಹೊಸ ವಿಷಯ ಬಂತು. ಅದನ್ನು ಕಲಿಸುವವರು ಒಂದು ಸರ್ಟಿಫಿಕೇಟ್ ಪರೀಕ್ಷೆ ಪಾಸಾಗಿರಬೇಕಂತೆ. ಇವಳು ಒಮ್ಮೆ ಬರೆದು ಫೇಲಾಗಿದ್ದಳು. ಇನ್ನೊಮ್ಮೆ ಫೇಲಾದರೆ ಆ ಕ್ಲಾಸು ಬೇರೆಯವರಿಗೆ.

"ಶೇರ್ಡ್ ಯಾವುದು, ಡೆಡಿಕೇಟೆಡ್ ಯಾವುದು ಅನ್ನೋದರಲ್ಲೇ ಎಡವಿದೆ ಮಾವಾರೇ. ಯಾರಿಗಾದರೂ ಬಿಡಿಸಿ ಹೇಳಿದರೆ ನನಗೂ ಗಟ್ಟಿಯಾಗುತ್ತೆ," ಅಂದಳು. ಗಂಡನಿಗೆ ಹೇಳಲು ಹೋದರೆ ಅವನಿಗೆ ನಿದ್ದೆ ಬರುತ್ತದೆ. ಹಾಗಾಗಿ ತಾಳಗುಂದದ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಬಿಟ್ಟಿದ್ದ ಓದನ್ನು ನಾನು ಮತ್ತೆ ಹಿಡಿದೆ.

ದಿಬ್ಬಣದ ಬಸ್ಸು

"ಕ್ಲೌಡ್ ಅಂದ್ರೆ ಆಕಾಶದ್ದಲ್ಲ ಮಾವಾರೇ. ಎಲ್ಲೋ ದೂರದಲ್ಲಿ ದೊಡ್ಡ ದೊಡ್ಡ ಕಂಪ್ಯೂಟರ್ ಇರ್ತವೆ. ನಾವು ಬಾಡಿಗೆಗೆ ತಗೋತೀವಿ. ಒಂದನ್ನೇ ಹತ್ತು ಜನಕ್ಕೆ ಕೊಟ್ಟರೆ ಶೇರ್ಡ್. ಒಬ್ಬರಿಗೇ ಮೀಸಲಿಟ್ಟರೆ ಡೆಡಿಕೇಟೆಡ್. ರೂಟ್ ಬಸ್ಸು ಶೇರ್ಡ್, ದಿಬ್ಬಣದ ಬಸ್ಸು ಡೆಡಿಕೇಟೆಡ್."

ನಾನು ನಿಧಾನಕ್ಕೆ ಕೇಳಿದೆ, "ಯಾವ ದಿಬ್ಬಣ? ನಿಮ್ಮದಾ?"

ಅವಳು ಪುಸ್ತಕದಿಂದ ಮುಖ ಮುಚ್ಚಿಕೊಂಡಳು.

ಅವಳ ಮದುವೆಗೆ ಬೀಗರು ಕುಪ್ಪಗಡ್ಡೆಯಿಂದ ಶಿಕಾರಿಪುರದ ಕಲ್ಯಾಣ ಮಂಟಪಕ್ಕೆ ಒಂದು ಬಸ್ಸು ಪೂರ್ತಿ ಮಾತಾಡಿದ್ದರು. ತಾವು ಮುಂದೆ ಕಾರಿನಲ್ಲಿ ಹೊರಟರು. ಸೊರಬದಲ್ಲಿ ಯಾರೋ ಬಸ್ಸಿಗೆ ಕೈ ಅಡ್ಡ ಹಿಡಿದರು. ಡ್ರೈವರಿಗೆ ದಿನಾ ನಿಲ್ಲಿಸಿ ಅಭ್ಯಾಸ, ನಿಲ್ಲಿಸಿದ. ಶಿರಾಳಕೊಪ್ಪದಲ್ಲಿ ಇನ್ನಷ್ಟು ಜನ ಹತ್ತಿದರು. ಮಂಟಪದ ಮುಂದೆ ಬಸ್ಸಿನಿಂದ ಇಳಿದವರೆಲ್ಲ ಬೀಗರ ಕಡೆಯವರೆಂದು ನಾವು ಪನ್ನೀರು ಚಿಮುಕಿಸಿ ಕರೆದೆವು. ನಾವು ಅಷ್ಟು ಪ್ರೀತಿಯಿಂದ ಕರೆದದ್ದು ನೋಡಿ ಬೀಗರು, ಇವರು ಗಂಡಿನ ಕಡೆಯವರೇ ಇರಬೇಕು ಅಂದುಕೊಂಡರು. ಎಲ್ಲರೂ ಹೋಳಿಗೆ ಉಂಡರು. ನಮ್ಮ ಪಡಸಾಲೆಯ ಮದುವೆ ಫೋಟೋದಲ್ಲಿ ನನಗೂ ಬೀಗರಿಗೂ ನಡುವೆ, ಮಡಚಿದ ಗೋಣಿಚೀಲ ಕಂಕುಳಲ್ಲಿಟ್ಟುಕೊಂಡು ಒಬ್ಬರು ನಿಂತಿದ್ದಾರೆ. ಯಾರೆಂದು ಇವತ್ತಿಗೂ ಎರಡೂ ಮನೆಯವರಿಗೆ ಗೊತ್ತಿಲ್ಲ. ಫೋಟೋದಲ್ಲಿ ಎಲ್ಲರಿಗಿಂತ ಲಕ್ಷಣವಾಗಿ ಬಂದವರು ಅವರೇ.

"ಡೆಡಿಕೇಟೆಡ್ ಅಂದರೆ ಇದೇನಾ?" ಅಂದೆ.

"ಪರೀಕ್ಷೆಯಲ್ಲಿ ಡ್ರೈವರ್ ನಿಲ್ಲಿಸಲ್ಲ ಮಾವಾರೇ."

ನಿಮ್ಮ ಮನೆಗೇ ಮೊದಲು

ಮಾರನೆಯ ಬೆಳಗ್ಗೆ ಪೂಜೆಗೆ ಕೂತಾಗ ನನಗೇ ಹೊಳೆಯಿತು. ಕೊರಳಲ್ಲಿರುವ ಇಷ್ಟಲಿಂಗ ನನಗೊಬ್ಬನಿಗೇ. ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಗುಡಿಯ ಲಿಂಗ ಊರಿಗೆಲ್ಲ. ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಹೋಗಿ ಹೇಳಿದೆ.

ಸೊಸೆ ಪೆನ್ನು ಕೆಳಗಿಟ್ಟಳು. "ಡೆಡಿಕೇಟೆಡ್ ಇದೇ ಮಾವಾರೇ. ಆದರೆ ಶೇರ್ಡ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹತ್ತು ಜನ ಹಂಚಿಕೊಂಡರೂ ಪ್ರತಿಯೊಬ್ಬರಿಗೂ ಇದು ನನ್ನದೇ ಅನ್ನಿಸಬೇಕು. ಒಬ್ಬರ ವ್ಯವಹಾರ ಇನ್ನೊಬ್ಬರಿಗೆ ಕಾಣಬಾರದು."

ಅದಕ್ಕೆ ಉದಾಹರಣೆ ಅಂಗಳಕ್ಕೇ ನಡೆದು ಬಂತು. ಅವತ್ತು ಶ್ರಾವಣ ಸೋಮವಾರ. "ನಿಮ್ಮ ಮನೆಗೇ ಮೊದಲು ಬರ್ತೀನಿ," ಅಂತ, ಪಾದಪೂಜೆಗೆ ಮನೆಮನೆಗೆ ಬರುವ ನಮ್ಮ ಅಯ್ಯನವರು ಮಾತು ಕೊಟ್ಟಿದ್ದರು. ಬಂದಾಗ ಮಧ್ಯಾಹ್ನವಾಗಿತ್ತು.

"ಮೊದಲು ಅಂದಿದ್ರಲ್ಲ ಸ್ವಾಮೇರೆ?"

"ಮತ್ತೆ? ನಿಮ್ಮ ಮನೆಗೇ ಮೊದಲು," ಅಂದು ಪಾದಪೂಜೆಗೆ ಕಾಲು ಚಾಚಿದರು.

ಹಿಂದಿನ ಮನೆಯವರು ಬೇಲಿ ಮೇಲಿಂದ ಕೇಳಿಸಿಕೊಂಡು, "ಯಾಕ್ರೀ, ನಮಗೂ ಹಂಗೇ ಅಂದಿದ್ರಿ?" ಅಂದರು. ಎದುರು ಮನೆ ಅಜ್ಜಿ ಬಾಗಿಲಲ್ಲಿ ನಿಂತು, "ನಮಗೂ ಅಂದೀರಿ," ಅಂದರು.

ಅಯ್ಯನವರು ಸ್ವಲ್ಪವೂ ಅಲುಗಾಡಲಿಲ್ಲ. "ನೀವು ಮೂರೂ ಮನೆಯವರು ಒಂದ್ಕಡೆ ಸೇರಿದ್ದು ತಪ್ಪಾತು ನೋಡ್ರಿ. ಬ್ಯಾರೆ ಬ್ಯಾರೆ ಇದ್ದಾಗ ಎಲ್ಲಾ ಸರಿ ಇತ್ತು."

ಒಳಗಿನಿಂದ ಸೊಸೆ, "ಮಾವಾರೇ, ನನ್ನ ಬದಲು ಪರೀಕ್ಷೆಗೆ ಇವರನ್ನೇ ಕೂರಿಸೋಣ," ಅಂದಳು.

ಲೋಟದ ಮಜ್ಜಿಗೆ

ಪರೀಕ್ಷೆಯನ್ನು ಮನೆಯಲ್ಲೇ ಕೂತು ಬರೆಯಬಹುದು. ಅದರ ಹಿಂದಿನ ದಿನ ಅಭ್ಯಾಸಕ್ಕೆಂದು ಬರೆಯುತ್ತಿದ್ದಳು. ಅರ್ಧಕ್ಕೆ ಬಂದಾಗ ಪರದೆ ನಿಂತೇಹೋಯಿತು.

ಕಾರಣ ನಾನೇ. ನಮ್ಮ ಮನೆಯಲ್ಲಿ ಮಜ್ಜಿಗೆ ಕೇಳಿ ಬಂದವರಿಗೆ ಇಲ್ಲ ಅಂದದ್ದಿಲ್ಲ. ಎದುರು ಮನೆ ಅಜ್ಜಿ ಫೋನಿನಲ್ಲಿ ಧಾರಾವಾಹಿ ನೋಡಲು ವೈಫೈ ಪಾಸ್‌ವರ್ಡ್ ಕೇಳಿದಾಗ ಅದೂ ಮಜ್ಜಿಗೆಯಂತೆಯೇ ಅಂದುಕೊಂಡು ಕೊಟ್ಟೆ. ಅಜ್ಜಿಯ ಮನೆಯಲ್ಲೂ ಇಲ್ಲ ಅನ್ನುವ ಪದ್ಧತಿ ಇಲ್ಲ. ಓಣಿಗೆಲ್ಲ ಹೋಯಿತು.

"ಪಕ್ಕದವರು ಜಾಸ್ತಿ ಎಳೆದರೆ ನಮಗೆ ಕಮ್ಮಿ ಬರುತ್ತೆ. ಶೇರ್ಡ್‌ನ ಕಷ್ಟವೇ ಇದು ಮಾವಾರೇ. ಪಾಸ್‌ವರ್ಡ್ ಬದಲಾಯಿಸಿಬಿಡ್ತೀನಿ."

"ಕೊಟ್ಟ ಮಜ್ಜಿಗೇನ ಲೋಟದಿಂದ ವಾಪಸ್ ಸುರ್ಕೊಳ್ಳೋದಾ ತಾಯಿ?"

"ಮಧ್ಯದಲ್ಲಿ ನೆಟ್ ನಿಂತರೆ ಪರೀಕ್ಷೆ ಹೋಯ್ತು. ಕ್ಲಾಸೂ ಹೋಯ್ತು." ಅವಳ ಕಣ್ಣು ತುಂಬಿತ್ತು.

ಶಲ್ಯ ಹೊದ್ದು ಮನೆಮನೆಗೆ ಹೊರಟೆ. "ನಾಳೆ ಬೆಳಗ್ಗೆ ಎರಡು ಗಂಟೆ ಹೊತ್ತು ನೆಟ್ ಸೊಸೆಗೊಬ್ಬಳಿಗೇ ಬೇಕಿತ್ತು. ಕಿತ್ಕೊಳ್ಳಾಕೆ ಬಂದಿಲ್ಲ, ಕೇಳಾಕೆ ಬಂದೀನಿ," ಅಂದೆ. ಯಾರೂ ಇಲ್ಲ ಅನ್ನಲಿಲ್ಲ. ಅಜ್ಜಿಯಂತೂ, "ಹೋಗಲಿ ಬಿಡು ತಮ್ಮಾ, ಆ ಧಾರಾವಾಹಿ ಅತ್ತೆ ಹೋದ ದೀಪಾವಳಿಯಿಂದ ಸಾಯಾಕತ್ಯಾಳ. ಇನ್ನೊಂದಿನ ಸಾಯಲಿ," ಅಂದರು.

ಇಡೀ ಓಣಿಯ ನೆಟ್ಟನ್ನು ಡೆಡಿಕೇಟೆಡ್ ಮಾಡಿದೆನೆಂದು ಬೀಗುತ್ತ ಮನೆಗೆ ಬಂದೆ. ಫೋನಿಲ್ಲದ ಓಣಿ ಎರಡು ಗಂಟೆ ಏನು ಮಾಡುತ್ತದೆ ಅನ್ನುವುದನ್ನು ಮಾತ್ರ ಯೋಚಿಸಲಿಲ್ಲ.

ಕಿಟಕಿ

ಆ ಪರೀಕ್ಷೆಗೆ ಒಬ್ಬ ಕಾವಲಿನವನಿರುತ್ತಾನೆ. ಎಲ್ಲೋ ಕೂತು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾನೆ. ಕೋಣೆಯಲ್ಲಿ ಎರಡನೆಯವರು ಇರಬಾರದು, ಎರಡನೆಯ ದನಿ ಕೇಳಬಾರದು. ಸೊಸೆ ಬಾಗಿಲು ಹಾಕಿಕೊಂಡು ಕೂತಳು. ನಾನು ಜಗಲಿಯಲ್ಲಿ ಕಾವಲು ಕೂತೆ.

ಸ್ವಲ್ಪ ಹೊತ್ತಿಗೆ ಅಜ್ಜಿ ಮೊರದ ತುಂಬ ಶೇಂಗಾ ಹಿಡಿದುಕೊಂಡು ಬಂದರು. "ಫೋನಿಲ್ಲ, ಏನ್ ಮಾಡಲಿ? ಪರೀಕ್ಷೆನಾದ್ರೂ ನೋಡ್ತೀನಿ." ಹಿಂದಿನ ಮನೆಯವರು ಬಂದರು. ಓಣಿಯೇ ಬಂತು. ಅಯ್ಯನವರೂ ಬಂದು ನನ್ನ ಕಿವಿಯಲ್ಲಿ, "ಇವತ್ತು ಖರೇನ ನಿಮ್ಮ ಮನೆಗೇ ಮೊದಲು," ಅಂದರು. ನಾನು ಬಾಯಿ ಮೇಲೆ ಬೆರಳಿಟ್ಟು ತೋರಿಸಿದೆ. ಪಾಪ, ಯಾರೂ ಒಂದು ಮಾತಾಡಲಿಲ್ಲ. ಸುಮ್ಮನೆ ಕೂರಲಾರದೆ ಎಲ್ಲರೂ ಶೇಂಗಾ ಒಡೆಯತೊಡಗಿದರು.

ಒಳಗೆ ಕಾವಲಿನವನು ಇಂಗ್ಲಿಷಿನಲ್ಲಿ, ಏನದು ಚಟಚಟ ಸದ್ದು, ಕ್ಯಾಮೆರಾ ಸುತ್ತ ತಿರುಗಿಸಿ, ಅಂದನಂತೆ. ಸೊಸೆ ತಿರುಗಿಸಿದಳು. ಮಂಚ, ಕಪಾಟು, ಬಾಗಿಲು ಆಯಿತು. ಕಿಟಕಿಗೆ ಬಂದಾಗ ಸರಳಿನ ಆಚೆ ಇಡೀ ಓಣಿ ಒಳಗೆ ಇಣುಕುತ್ತಿತ್ತು. ಕ್ಯಾಮೆರಾ ತಮ್ಮ ಕಡೆ ಬಂದದ್ದು ನೋಡಿ ಎಲ್ಲರೂ ಕೈಮುಗಿದರು. ಅಯ್ಯನವರು ಕೈಯೆತ್ತಿ ಆಶೀರ್ವಾದ ಮಾಡಿದರು.

"ಯಾರು ಇವರೆಲ್ಲ?"

ಸೊಸೆ, "ಸರ್, ನಮ್ಮ ನೆಟ್ ಹಂಚಿಕೊಂಡಿರೋರು. ಇವತ್ತು ನನಗೋಸ್ಕರ ಬಿಟ್ಟುಕೊಟ್ಟಿದಾರೆ. ಒಳಗೆ ನಾನೊಬ್ಬಳೇ ಇರೋದು," ಅಂದಳಂತೆ.

ಅಷ್ಟರಲ್ಲಿ ಅಜ್ಜಿ ಸರಳು ಹಿಡಿದು, "ಯಾರಪಾ ನೀನು? ಊಟ ಆತೇನು?" ಅಂದುಬಿಟ್ಟರು.

ನಾನು ಕಣ್ಣು ಮುಚ್ಚಿ ಶಿವನನ್ನು ನೆನೆದೆ. ಆಮೇಲೆ, ಕಿಟಕಿ ಮುಚ್ಚಿ, ಇನ್ನೊಂದು ದನಿ ಕೇಳಿದರೆ ಪರೀಕ್ಷೆ ರದ್ದು, ಅನ್ನುವ ಉತ್ತರ ಬಂತು. ನಾನು ಹೊರಗಿನಿಂದ ಕಿಟಕಿಯ ಕದ ಎಳೆದುಕೊಂಡು ಅದಕ್ಕೇ ಬೆನ್ನು ಕೊಟ್ಟು ನಿಂತೆ. ಅಜ್ಜಿ ನನ್ನ ಕಿವಿಗೆ ಬಾಯಿಟ್ಟು, "ಊಟ ಆಗಿಲ್ಲ ಅವಂದು. ಅದಕ್ಕೇ ಸಿಟ್ಟು," ಅಂದರು.

ಪರೀಕ್ಷೆ ಮುಗಿದು ಕದ ತೆರೆದಾಗ ಸೊಸೆ ನಗುತ್ತಿದ್ದಳು. ಪಾಸು. ಕ್ಲಾಸು ಅವಳದೇ. ಓಣಿಯವರೆಲ್ಲ ಒಬ್ಬರಿಗೊಬ್ಬರು "ನಾವು ಪಾಸಾದ್ವಿ" ಅಂದುಕೊಂಡು ಮನೆಗೆ ಹೋದರು.

ಸರ್ಟಿಫಿಕೇಟಿನಲ್ಲಿ ಅವಳೊಬ್ಬಳದೇ ಹೆಸರಿತ್ತು. ಅಜ್ಜಿ ನೋಡಿ, "ನಮ್ಮ ಮನಿಗೂ ಒಂದು ಜೆರಾಕ್ಸ್ ಕೊಡಿಸು," ಅಂದರು. ಅಜ್ಜಿಗೆ ಕೊಟ್ಟ ಮೇಲೆ ಉಳಿದವರಿಗೆ ಇಲ್ಲ ಅನ್ನಲಾದೀತೆ? ಈಗ ಓಣಿಯ ಪ್ರತಿ ಮನೆಯ ಗೋಡೆಯ ಮೇಲೂ ದೇವರ ಪಟದ ಪಕ್ಕ ಅದು ಕಟ್ಟು ಹಾಕಿಸಿಕೊಂಡು ಕೂತಿದೆ. ಯಾರದು ಅಂತ ಬಂದವರು ಕೇಳಿದರೆ ಎಲ್ಲರದೂ ಒಂದೇ ಉತ್ತರ, "ನಮ್ಮದೇ."

ಓದಿದ ನೀವೂ ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳದೆ ನಾಲ್ಕು ಜನಕ್ಕೆ ಹೇಳಿ. ಹೇಳುವಾಗ ಮಾತ್ರ ಒಬ್ಬೊಬ್ಬರನ್ನೇ ಬೇರೆ ಬೇರೆ ಕರೆದು ಕೂರಿಸಿಕೊಂಡು, "ನಿಮಗೇ ಮೊದಲು ಹೇಳ್ತಿರೋದು," ಅನ್ನಿ.