ಓಯ್ದಿನ್ ರೈಲಿಳಿಯುವ ತನಕ

ಕೋಕಂದ್ ಊರಿನ ಹತ್ತಿ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಯಂತ್ರಗಳ ಕಿವಿ ಹಿಂಡಿದ ಎರ್ಗಾಶ್‌ಗೆ ಒಂದು ಗಟ್ಟಿ ನಂಬಿಕೆಯಿತ್ತು. ಹಲ್ಲು, ಚಕ್ರ, ಪಟ್ಟಿ ಇರುವ ಯಾವ ವಸ್ತುವೇ ಆಗಲಿ, ತನ್ನನ್ನು ಕಂಡರೆ ಸಲಾಮು ಹೊಡೆಯಬೇಕು.

"ನಲವತ್ತು ದಿನ ಒಬ್ರೇ ಹ್ಯಾಗಿರ್ತೀರಿ?" ಎಂದು ಹೆಂಡತಿ ಓಯ್ದಿನ್ ಕೇಳಿದಾಗಲೂ ಅವನು ಮೀಸೆ ತಿರುವಿದ್ದ. "ಇಡೀ ಗಿರಣಿ ನೋಡ್ಕೊಂಡೋನು ನಾನು. ಒಂದು ಮನೆ ಯಾವ ಲೆಕ್ಕ?"

ಮಗಳು ಜಮೀರಾ ದೂರದ ನೂಕುಸ್‌ನಲ್ಲಿ ಹಡೆದಿದ್ದಳು. ಬಾಣಂತಿಯ ಪಕ್ಕದಲ್ಲಿ ತಾಯಿ ನಲವತ್ತು ದಿನ ಇರಲೇಬೇಕು. ಹೆಂಡತಿಯನ್ನು ರೈಲು ಹತ್ತಿಸಿ ಬಂದ ಮರುದಿನ ಬೆಳಿಗ್ಗೆ ನಮ್ಮ ಯಂತ್ರವೀರ ಎರಡು ಬಟ್ಟಲಿಗೆ ಚಹಾ ಸುರಿದ. ಎದುರಿನ ಬಟ್ಟಲು ಸುಮ್ಮನೆ ಆರುವುದನ್ನು ನೋಡಲಾರದೆ ಅದನ್ನೂ ತಾನೇ ಕುಡಿದ. ಮೂರು ಕೋಣೆಯ ಮನೆ ಇಷ್ಟು ದೊಡ್ಡದೆಂದು ಅವನಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಒಂದು ಸದ್ದಾದರೂ ಇರಲಿ ಎಂದು, ಅವಳು ಬಟ್ಟೆ ತುಂಬಿಸಿಟ್ಟು ಹೋಗಿದ್ದ ವಾಷಿಂಗ್ ಮೆಷಿನ್ ಗುಂಡಿ ಒತ್ತಿದ.

ಮುಕ್ಕಾಲು ಗಂಟೆ ಮೆಷಿನ್ ಗುರುಗುಟ್ಟಿತು. ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸಿತು. ಆಮೇಲೆ ಹೊಟ್ಟೆ ತುಂಬ ನೀರಿಟ್ಟುಕೊಂಡೇ ನಿಂತುಬಿಟ್ಟಿತು. ಗಾಜಿನ ಹಿಂದೆ ಓಯ್ದಿನ್‌ಳ ಬಣ್ಣದ ರೇಷ್ಮೆ ಅಂಗಿಯ ತೋಳು, ಹೊರಗೆ ಬಿಡಿ ಎನ್ನುವಂತೆ ಅಂಟಿಕೊಂಡಿತ್ತು.

"ಯಾರ ಹತ್ರ ಆಟ ಆಡ್ತೀಯಾ?" ಎಂದು ಎರ್ಗಾಶ್ ತನ್ನ ಅಂಗಿಯ ತೋಳು ಮೇಲಕ್ಕೆ ಮಡಚಿದ. ಮೆಷಿನ್ ಬೆನ್ನಿಗೆ ಗುದ್ದಿದ. ತಂತಿ ಕಿತ್ತು ಮತ್ತೆ ಸಿಕ್ಕಿಸಿದ. ಬೈದ, ರಮಿಸಿದ. ಕೊನೆಗೆ ತಳದಲ್ಲಿರುವ ನೀರಿಳಿಸುವ ಮುಚ್ಚಳಕ್ಕೆ ಕೈ ಹಾಕಿದ. ಅದರ ಕೆಳಗೆ ಬಕೆಟ್ ಹಿಡಿಸಲಿಲ್ಲ, ಪಾತ್ರೆ ಹಿಡಿಸಲಿಲ್ಲ. ಹಿಡಿಸಿದ್ದು ಚಹಾ ಬಟ್ಟಲೊಂದೇ. ಎಂಟನೆಯ ಬಟ್ಟಲಿಗೆ ತಾಳ್ಮೆ ಕೆಟ್ಟು ಮುಚ್ಚಳವನ್ನು ಇನ್ನೊಂದು ಸುತ್ತು ತಿರುಗಿಸಿದ. ಅದು ಕಳಚಿ ಕೈಗೆ ಬಂತು. ಹಿಂದೆಯೇ ನೀರೂ ಬಂತು.

ಒರೆಸುವ ಬಟ್ಟೆ ಹಿಡಿದು ಓಡಿ ಬಂದವನು ನಡುವೆಯೇ ಕಂಬದಂತೆ ನಿಂತ. ಓಯ್ದಿನ್ ಇನ್ನೂ ರೈಲಿನಲ್ಲಿದ್ದಾಳೆ! ಪಯಣ ಹೋದವರು ತಲುಪುವ ಮುಂಚೆ ಮನೆ ಗುಡಿಸಬಾರದು, ಒರೆಸಬಾರದು. ಒರೆಸಿದರೆ ಅವರು ಮರಳುವ ದಾರಿಯೇ ಅಳಿಸಿಹೋಗುತ್ತದೆ. ಎರ್ಗಾಶ್ ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೆ ಹೆಂಡತಿಯ ವಿಷಯದಲ್ಲಿ ಪರೀಕ್ಷೆ ಮಾಡಿ ನೋಡುವಷ್ಟು ಧೈರ್ಯವೂ ಅವನಿಗಿರಲಿಲ್ಲ.

ಹತ್ತು ನಿಮಿಷಕ್ಕೆ ಕೆಳಮಹಡಿಯ ಹದೀಚಾ ಚಿಕ್ಕಮ್ಮ ಒದ್ದೆ ತಲೆವಸ್ತ್ರದಲ್ಲಿ ಬಾಗಿಲಿಗೆ ಬಂದಳು. "ಎರ್ಗಾಶ್, ನನ್ನ ಅಡುಗೆಮನೇಲಿ ಮಳೆ ಬರ್ತಿದೆ. ನೀನು ನೋಡಿದ್ರೆ ಬಟ್ಟೆ ಹಿಡ್ಕೊಂಡು ಗೊಂಬೆ ಥರ ನಿಂತಿದ್ದೀಯ. ಒರೆಸೋ ಮಾರಾಯ!"

"ಓಯ್ದಿನ್ ಇನ್ನೂ ತಲುಪಿಲ್ಲ ಚಿಕ್ಕಮ್ಮ."

ಮುದುಕಿಯ ಕೋಪ ಅಲ್ಲೇ ಇಳಿಯಿತು. ಅವನ ಕೈಯಿಂದ ಬಟ್ಟೆ ಕಿತ್ತು ಬಾಗಿಲ ಹಿಂದೆ ಎಸೆದಳು. "ಎಷ್ಟು ಹೊತ್ತಿಗೆ ಇಳೀತಾಳೆ?"

"ಒಂದು ಗಂಟೆಗೆ."

"ಈಗಿನ್ನೂ ಹತ್ತೂವರೆ. ಅಷ್ಟರಲ್ಲಿ ನನ್ನ ಸೂರು ಕೆಳಗಿಳಿದಿರುತ್ತೆ." ಚಿಕ್ಕಮ್ಮ ಕೋಣೆಯ ಸುತ್ತ ಕಣ್ಣಾಡಿಸಿ, ಗೋಡೆಯ ಪಕ್ಕ ಪೇರಿಸಿದ್ದ ಕೌದಿಗಳನ್ನು ಮೊಣಕೈಯಿಂದ ಮೆಲ್ಲನೆ ತಳ್ಳಿದಳು. "ಅಯ್ಯೋ, ಬಿದ್ದೋಯ್ತು. ತಾನಾಗಿ ಬಿದ್ರೆ ಅದು ಒರೆಸಿದ ಹಾಗಾಗಲ್ಲ."

ಹೀಗೆ ಆರು ಕೌದಿಗಳು ತಾವಾಗಿಯೇ ಬಿದ್ದು ನೀರು ಕುಡಿದವು. ಅವು ಓಯ್ದಿನ್ ಮದುವೆಗೆ ತಂದ ಕೌದಿಗಳು. ಇಬ್ಬರೂ ಮಂಚದ ಮೇಲೆ ಕಾಲು ಮಡಚಿ ಕೂತು ಗಡಿಯಾರ ನೋಡಿದರು.

"ಚಿಕ್ಕಮ್ಮ, ಒಂದೇ ದಿನಕ್ಕೆ ಹೀಗಾದ್ರೆ ಇನ್ನು ಮೂವತ್ತೊಂಬತ್ತು ಹ್ಯಾಗೆ ಕಳೀಲಿ?" ಎಂದು ಎರ್ಗಾಶ್ ಕೇಳಿದ. ಅವನು ಕೌದಿಯ ವಿಷಯ ಕೇಳುತ್ತಿಲ್ಲವೆಂದು ಮುದುಕಿಗೆ ತಿಳಿಯಿತು. ಅವನ ಬಟ್ಟಲಿಗೆ ಚಹಾ ಹಾಕಿದಳು.

ಒಂದೂ ಹತ್ತಕ್ಕೆ ಫೋನ್ ಬಂತು.

"ತಲುಪಿದೆ. ಮಗೂಗೆ ನಿಮ್ಮದೇ ಮೂಗಂತೆ. ಜಮೀರಾನ ಅಪ್ಪಾ, ಬಟ್ಟೆ ಒಣಗಿಸಿದ್ರಾ?"

ಎರ್ಗಾಶ್ ಒದ್ದೆ ಕೌದಿಗಳ ಕಡೆ ನೋಡಿದ. "ನಿನ್ನ ಮೆಷಿನ್ ಕೆಟ್ಟಿದೆ. ಮಧ್ಯದಲ್ಲೇ ನಿಂತೋಯ್ತು."

"ಕೆಟ್ಟಿಲ್ಲ ರೀ. ರೇಷ್ಮೆ ಮುದುಡಬಾರ್ದು ಅಂತ ನಾನೇ ನೀರು ನಿಲ್ಲೋ ಹಾಗೆ ಇಟ್ಟಿದ್ದೆ. ಇನ್ನೊಂದ್ಸಲ ಗುಂಡಿ ಒತ್ತಿದ್ರೆ ನೀರಿಳಿದು ಹಿಂಡುತ್ತೆ. ಪ್ಲಾಟ್‌ಫಾರ್ಮಲ್ಲಿ ನಿಂತು ಮೂರು ಸಲ ಹೇಳಿದ್ನಲ್ಲ? ತಲೆ ಬೇರೆ ಆಡಿಸಿದ್ರಿ."

"ನೀನು ಹೇಳ್ತಿದ್ದೆ," ಎಂದ ಎರ್ಗಾಶ್. "ನಾನು ನಿನ್ನ ಮುಖ ನೋಡ್ತಿದ್ದೆ."

ಅವಳ ದನಿ ಮೆತ್ತಗಾಯಿತು. ಆ ಧೈರ್ಯದಲ್ಲಿ ಅವನು ಕೌದಿಗಳು ನೆಂದದ್ದನ್ನೂ ಹೇಳಿಬಿಟ್ಟ. ಯಾವ ಗುಂಡಿ ಮೊದಲು, ಯಾವುದು ಆಮೇಲೆ, ಕೌದಿಗಾದರೆ ತಿರುಪು ಎಲ್ಲಿಗೆ ತಿರುಗಿಸಬೇಕು ಎಂದು ಓಯ್ದಿನ್ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಎರ್ಗಾಶ್ ಕಣ್ಣು ಮುಚ್ಚಿ, ಫೋನನ್ನು ಕಿವಿಗೆ ಒತ್ತಿ ಹಿಡಿದು ಪೂರ್ತಿ ಕೇಳಿಸಿಕೊಂಡ.

ಫೋನ್ ಇಟ್ಟ ಕೂಡಲೇ ಹದೀಚಾ ಚಿಕ್ಕಮ್ಮ ಮಂಚದಿಂದ ಇಳಿದಳು. "ಹೂಂ, ಏಳು. ಯಾವ ಗುಂಡಿ ಒತ್ಬೇಕಂತೆ?"

ಎರ್ಗಾಶ್ ಮೆಷಿನ್ ಕಡೆ ನೋಡಿದ, ಕೈಯಲ್ಲಿದ್ದ ಫೋನ್ ನೋಡಿದ.

"ಇನ್ನೊಂದ್ಸಲ ಫೋನ್ ಮಾಡಿ ಕೇಳ್ಬೇಕು ಚಿಕ್ಕಮ್ಮ," ಎಂದ.