ಸ್ವಂತ ಮನೆಯ ಅತಿಥಿ

ಸೆಮಾರಾಂಗ್ ಪಟ್ಟಣದ ಆ ಗಲ್ಲಿಯ ಬಾಯಲ್ಲಿ ಒಂದು ತಗಡಿನ ಹಲಗೆ ಇದೆ: "ಅತಿಥಿಗಳು ಇಪ್ಪತ್ನಾಲ್ಕು ಗಂಟೆಯೊಳಗೆ ವರದಿ ಕೊಡತಕ್ಕದ್ದು." ತುಕ್ಕು ಹಿಡಿದು ಅರ್ಧ ಅಕ್ಷರ ಉದುರಿದೆ, ದರ್ಪ ಮಾತ್ರ ಒಂದಿಷ್ಟೂ ಉದುರಿಲ್ಲ. ಚಿಕ್ಕಂದಿನಲ್ಲಿ ಪರ್ಮಿನ್ ಅದಕ್ಕೆ ಕಲ್ಲು ಹೊಡೆದೇ ಗುರಿ ಕಲಿತವನು. ಒಂದು ದಿನ ಅದು ತಿರುಗಿ ತನಗೇ ಹೊಡೆದೀತು ಅಂತ ಅವನು ಕನಸಲ್ಲೂ ಅಂದುಕೊಂಡಿರಲಿಲ್ಲ.

ಸಮುದ್ರದಾಚೆಯ ಕಾಲಿಮಾಂತಾನ್‌ನ ಕಲ್ಲಿದ್ದಲು ಗಣಿಯಲ್ಲಿ ಹನ್ನೊಂದು ತಿಂಗಳು ಮಸಿ ತಿಂದು, ಒಂದು ವಾರದ ರಜೆ ಹಾಕಿ ನಿನ್ನೆ ಬೆಳಗ್ಗೆ ಮನೆಗೆ ಬಂದಿದ್ದ. ಇವತ್ತು ಲುಂಗಿ ಉಟ್ಟು ಜಗಲಿಯಲ್ಲಿ ಕೂತು, ಹೆಂಡತಿ ವಾರ್ತಿನಿ ಕರಿದುಕೊಟ್ಟ ಸೋಯಾಕಾಳಿನ ತೆಂಪೆ ಬಾಯಿಗಿಡುತ್ತಿದ್ದ. ಗಲ್ಲಿಗೆಲ್ಲ ‘ಬು’, ಅಂದರೆ ಅಮ್ಮ, ಆಗಿದ್ದ ಎದುರುಮನೆಯ ಸಾರ್ಮಿ ಅರ್ಧ ಗಂಟೆಯಿಂದ ಒಂದೇ ಜಾಗ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿದಳು.

"ಪರ್ಮಿನ್, ವರದಿ ಕೊಟ್ಯಾ?"

"ಯಾವ ವರದಿ ಬು?"

"ನೀನು ಬಂದಿರೋ ವರದಿ. ನಿನ್ನೆ ಹತ್ತಕ್ಕೆ ಬಂದೆ. ಈಗ ಒಂಬತ್ತು. ಇನ್ನೊಂದೇ ಗಂಟೆ ನೋಡಪ್ಪಾ."

ಪರ್ಮಿನ್ ನಕ್ಕ. "ಬು, ಇದು ನನ್ನ ಮನೆ."

"ಆಗಿತ್ತು. ಮಾರ್ಚ್‌ನಲ್ಲಿ ನೀನೇ ಅರ್ಜಿ ಹಾಕಿ ವಾಸ ಆ ಕಡೆಗೆ ಬದಲಾಯಿಸ್ಕೊಂಡಿಲ್ವಾ?"

ನಿಜ. ಗಣಿಯವರು ಅಲ್ಲಿನ ಗುರುತಿನ ಚೀಟಿ ಬೇಕೆಂದಿದ್ದರು. ನೊಣ ಓಡಿಸುವವನಂತೆ ಅವನು ಎಲ್ಲೋ ಒಂದು ಕಡೆ ರುಜು ಗೀಚಿದ್ದ. ಕೈಯಲ್ಲಿದ್ದ ತೆಂಪೆ ತಟ್ಟೆಗೆ ವಾಪಸ್ ಹೋಯಿತು.

ಅಷ್ಟರಲ್ಲಿ ಗಲ್ಲಿಯ ಕಾವಲುಗಾರ ಗಿಮಾನ್ ಸೀಟಿ ಊದುತ್ತಾ ಬಂದ. ಸಾರ್ಮಿ ಕಣ್ಣು ಹೊಡೆದರೆ ಸಾಕು, ಅವನ ಸೀಟಿ ತಾನೇ ಊದಿಕೊಳ್ಳುತ್ತದೆ.

"ಗಿಮಾನ್, ನಾವಿಬ್ರೂ ಒಂದೇ ಹೊಳೇಲಿ ಈಜು ಕಲಿತವರು ಕಣೋ!"

"ಗೊತ್ತು ಮಾಸ್. ಅದಕ್ಕೇ ಅಣ್ಣಾ ಅಂತ ಮರ್ಯಾದೆಯಿಂದ ಹೇಳ್ತಿದೀನಿ. ಹೆಂಗಸೊಬ್ಬಳೇ ಇರೋ ಮನೇಲಿ ಹತ್ತು ಗಂಟೆ ಮೇಲೆ ಪರಗಂಡಸು ಸಿಕ್ಕಿದ್ರೆ ಎಳ್ಕೊಂಡು ಹೋಗ್ಬೇಕಾಗುತ್ತೆ."

"ಪರಗಂಡಸಾ? ನನ್ನ ಮದುವೇಲಿ ಮೂರು ಸಲ ಬಡಿಸ್ಕೊಂಡು ತಿಂದೆಯಲ್ಲೋ!"

"ತಿಂದಿದ್ದಕ್ಕೂ ಕಾಗದಕ್ಕೂ ಸಂಬಂಧ ಇಲ್ಲ ಮಾಸ್."

ಪರ್ಮಿನ್‌ಗೆ ಪಿತ್ತ ನೆತ್ತಿಗೇರಿತು. "ನಾನು ಕಟ್ಟಿದ ಗೋಡೆ, ನಾನು ಹಾಕಿದ ಹೆಂಚು! ಇಲ್ಲಿ ಮಲಗೋಕೆ ಯಾವನ ಅಪ್ಪಣೆ ಬೇಕು? ಸ್ವಾತಂತ್ರ್ಯ ಬಂದಿರೋದು ಯಾರಿಗೆ, ಈ ತಗಡಿಗಾ?"

ಒಳಗಿಂದ ವಾರ್ತಿನಿ ಬಂದಳು. "ಕೂಗಾಡ್ಬೇಡಿ ಮಾಸ್. ಒಂದು ಚೀಟಿ ತಾನೆ. ನಡೀರಿ, ಬರೆಸ್ಕೊಂಡು ಬರೋಣ."

ಗಲ್ಲಿಯ ಕಾರ್ಯದರ್ಶಿ ಹಿರಿಯರಾದ್ದರಿಂದ ‘ಪಾಕ್’ ಅನ್ನಿಸಿಕೊಳ್ಳುವ ದರ್ಮಾಜಿ ನಿವೃತ್ತ ಗುಮಾಸ್ತರು. ಕೆಲಸ ಅವರನ್ನು ಬಿಟ್ಟಿತ್ತು, ಅವರು ಕೆಲಸವನ್ನು ಬಿಟ್ಟಿರಲಿಲ್ಲ. ಪರ್ಮಿನ್‌ನನ್ನು ತೊಡೆ ಮೇಲೆ ಆಡಿಸಿದ್ದ ಆ ಮನುಷ್ಯ ಕನ್ನಡಕ ಏರಿಸಿ ಕೇಳಿದರು: "ಹೆಸರು?"

"ಗೊತ್ತಿಲ್ವಾ ನಿಮಗೆ?"

"ನನಗೆ ಗೊತ್ತು. ನಮೂನೆಗೆ ಗೊತ್ತಿಲ್ಲ." ಬರೆದುಕೊಂಡು ವಾರ್ತಿನಿ ಕಡೆ ತಿರುಗಿದರು. "ಅತಿಥಿಗೂ ನಿಮಗೂ ಏನು ಸಂಬಂಧ?"

"ಗಂಡ."

"ಗಂಡ ಅಂತ ಜಾಗ ಇಲ್ಲ. ಬಂಧು, ಸ್ನೇಹಿತ, ಇತರೆ. ಯಾವುದು?"

ವಾರ್ತಿನಿ ಗಂಡನನ್ನು ಅಡಿಯಿಂದ ಮುಡಿವರೆಗೆ ಕಣ್ಣಲ್ಲೇ ಅಳೆದಳು. "ಇತರೆ."

ಪರ್ಮಿನ್ ಬೆಚ್ಚಿ ಅವಳನ್ನೇ ನೋಡಿದ.

"ಎಷ್ಟು ದಿನ ಇಟ್ಕೋತೀರ?"

"ಗೊರಕೆ ನೋಡ್ಕೊಂಡು ಹೇಳ್ತೀನಿ."

ಅಂತೂ ಚೀಟಿ ತುಂಬಿತು. ಗೋಡೆ ಗಡಿಯಾರದಲ್ಲಿ ಒಂಬತ್ತೂಮುಕ್ಕಾಲು. ಪರ್ಮಿನ್ ಕೈ ಚಾಚಿದ. ದರ್ಮಾಜಿ ಚೀಟಿಯನ್ನು ಒಂದು ದಪ್ಪ ಕಟ್ಟಿನ ಅಡಿಗೆ ತಳ್ಳಿದರು.

"ಗಲ್ಲಿ ಮುಖ್ಯಸ್ಥರ ರುಜು ಬೇಕು. ಅವರು ಊರಲ್ಲಿಲ್ಲ. ಆರು ತಿಂಗಳಾಯ್ತು. ನಲವತ್ಮೂರು ಕಾಗದ ಹಾಗೇ ಕೂತಿದೆ. ಹುಟ್ಟಿದ ಮಗುವಿಗೆ ಹೆಸರಿಲ್ಲ, ಸತ್ತವರು ಇನ್ನೂ ಸತ್ತಿಲ್ಲ."

ಪರ್ಮಿನ್ ಮೇಜು ಗುದ್ದಿದ. "ಎಂಥಾ ಬೇಜವಾಬ್ದಾರಿ ಕತ್ತೆ ಅವನು! ಜನರ ಸ್ವಾತಂತ್ರ್ಯಾನ ಜೇಬಲ್ಲಿಟ್ಕೊಂಡು ಊರೂರು ಅಲೀತಾನಾ? ಅಂಥವನ ಕಾಲು ಮುರಿದು ಈ ಕುರ್ಚಿಗೆ ಕಟ್ಟಿಹಾಕ್ಬೇಕು! ಯಾವನವನು?"

ಬಾಗಿಲಲ್ಲಿದ್ದ ಸಾರ್ಮಿ, ಗಿಮಾನ್ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಾರ್ತಿನಿ ನೆಲ ನೋಡಿದಳು. ದರ್ಮಾಜಿ ಸಭೆಯ ಪುಸ್ತಕ ತೆಗೆದು, ಬೆರಳಿಗೆ ಉಗುಳು ಹಚ್ಚಿ, ಫೆಬ್ರವರಿ ಪುಟ ತಿರುವಿ ಮುಂದಿಟ್ಟರು.

"ಸರ್ವಾನುಮತದಿಂದ ಆಯ್ಕೆ: ಪರ್ಮಿನ್."

ಗಣಿಯಲ್ಲಿ ಬಂಡೆ ಸಿಡಿದಾಗಲೂ ಅವನ ಕಿವಿ ಹೀಗೆ ಗುಂಯ್ ಅಂದಿರಲಿಲ್ಲ.

"ಎಲ್ರೂ ಒಲ್ಲೆ ಅಂದ್ರು," ದರ್ಮಾಜಿ ಹೇಳಿದರು. "ಒಬ್ಬರಿಗೆ ರಕ್ತದೊತ್ತಡ, ಒಬ್ಬರಿಗೆ ಅತ್ತೆ, ಇನ್ನೊಬ್ಬರು ಅತ್ತೇಬಿಟ್ರು. ಇಲ್ಲದೋರು ಒಲ್ಲೆ ಅನ್ನೋಕಾಗಲ್ಲ ನೋಡಿ. ಹೆಸರು ಸೂಚಿಸಿದ್ದು ನಿಮ್ಮ ಮನೆಯವರೇ."

"ನನಗ್ಯಾಕೆ ಹೇಳಲಿಲ್ಲ?" ಪರ್ಮಿನ್ ಹೆಂಡತಿಯತ್ತ ತಿರುಗಿದ.

"ಹೇಳಿದ್ರೆ ನೀವು ಬರ್ತಾನೇ ಇರ್ಲಿಲ್ಲ."

"ಪಾಕ್, ನೀವಾದ್ರೂ ಬಂದ ತಕ್ಷಣ ಹೇಳ್ಬಾರ್ದಾ?"

"ಅತಿಥಿಯಾಗಿ ಬಂದ್ರಿ. ಮೊದಲು ಅತಿಥಿ ಕೆಲಸ."

"ನಾನೀಗ ಇಲ್ಲಿನ ನಿವಾಸೀನೇ ಅಲ್ಲ! ಮುಖ್ಯಸ್ಥ ಹೇಗಾಗ್ತೀನಿ?"

"ಆಗೋಕಾಗಲ್ಲ. ಆದ್ರೆ ಆಗಿಬಿಟ್ಟಿದೀರಿ. ಫೆಬ್ರವರೀಲಿ ನೀವು ಇಲ್ಲಿನ ನಿವಾಸಿ."

"ರಾಜೀನಾಮೆ ಕೊಡ್ತೀನಿ. ಯಾರಿಗೆ ಕೊಡ್ಬೇಕು?"

"ಮುಖ್ಯಸ್ಥರಿಗೆ."

ಪರ್ಮಿನ್ ಗಡಿಯಾರ ನೋಡಿದ. ಹತ್ತಕ್ಕೆ ಎಂಟು ನಿಮಿಷ. ಹಾಳಾಗಿ ಹೋಗಲಿ, ಮೊದಲು ಮನೆ ಉಳಿಯಲಿ ಎಂದು ಪೆನ್ನು ಕಿತ್ತುಕೊಂಡು ತನ್ನ ಚೀಟಿ ಎಳೆಯಹೋದ. ದರ್ಮಾಜಿ ಕಟ್ಟಿನ ಮೇಲೆ ಅಂಗೈ ಊರಿದರು.

"ಸರದಿ ಪ್ರಕಾರ. ಮುಖ್ಯಸ್ಥರೇ ಸರದಿ ಮುರಿದ್ರೆ ಹೇಗೆ?"

ಹೊರಗೆ ಆಗಲೇ ಜನ ಸೇರಿದ್ದರು. ಮಗು ಎತ್ತಿಕೊಂಡವರು, ಮದುವೆ ನಿಂತವರು, ಆರು ತಿಂಗಳಿಂದ ವಿಧವೆಯಾಗಲು ಕಾದವರು. ಅವರ ಕಣ್ಣು ನೋಡಿ ಅವನಿಗೆ ಇಲ್ಲ ಅನ್ನಲಾಗಲಿಲ್ಲ. ನಾಯಿ ಅಟ್ಟಿಸಿಕೊಂಡು ಬಂದವನಂತೆ ರುಜು ಹಾಕಿದ. ಹತ್ತು, ಇಪ್ಪತ್ತು, ನಲವತ್ತು. ಕೊನೆಗೆ ತನ್ನ ಚೀಟಿ ಕೈಗೆ ಬಂದಾಗ ಸಾರ್ಮಿ ಬಾಗಿಲಿಂದ ಕೂಗಿದಳು:

"ಹತ್ತು ಗಂಟೆ ಆರು ನಿಮಿಷ!"

ದರ್ಮಾಜಿ ಮೆಲ್ಲಗೆ ಚೀಟಿ ಹಿಂದಕ್ಕೆಳೆದು ಬೇರೊಂದು ಕಾಗದ ಇಟ್ಟರು. ಗಡುವು ಮೀರಿದ ಅತಿಥಿಯನ್ನು ಮನೆಯಿಂದ ಹೊರಗೆ ಕಳಿಸುವ ಆದೇಶ. ಕೆಳಗೆ ಮುಖ್ಯಸ್ಥರ ರುಜುವಿಗೆ ಜಾಗ.

"ಈ ನಿಯಮಾನೇ ಕಿತ್ತುಹಾಕ್ತೀನಿ!"

"ಧಾರಾಳವಾಗಿ. ಗಲ್ಲಿ ಸಭೆ ಕರೀಬೇಕು. ಸಭೆಗೆ ನಿವಾಸಿಗಳು ಮಾತ್ರ ಬರಬಹುದು. ನೀವು ಬರೋ ಹಾಗಿಲ್ಲ."

ನಲವತ್ಮೂರು ಕಾಗದದ ಜನ ಹೊರಗೆ ಹೊಸ ಮುಖ್ಯಸ್ಥರಿಗೆ ಚಪ್ಪಾಳೆ ತಟ್ಟುತ್ತಿದ್ದರು. ಆ ಚಪ್ಪಾಳೆಯ ನಡುವೆ ಪರ್ಮಿನ್ ತನ್ನನ್ನು ತಾನೇ ತನ್ನ ಮನೆಯಿಂದ ಹೊರಗೆ ಹಾಕಿ ರುಜು ಮಾಡಿದ.

ಕಾಲಿಮಾಂತಾನ್‌ನಿಂದ ವಾಸದ ಕಾಗದ ವಾಪಸ್ ಬರುವವರೆಗೆ ಅವನಿಗೆ ಗಲ್ಲಿಯ ಬಾಯಲ್ಲಿರುವ ಕಾವಲು ಗುಡಿಸಲು ಗತಿಯಾಯಿತು. ಅದು ಯಾರ ಮನೆಯೂ ಅಲ್ಲವಾದ್ದರಿಂದ ಅಲ್ಲಿ ಯಾರೂ ಅತಿಥಿಯಲ್ಲ. ಮಧ್ಯಾಹ್ನ ವಾರ್ತಿನಿ ಬಾಳೆಲೆಯಲ್ಲಿ ಅನ್ನ, ಮೆಣಸಿನಕಾಯಿ ಸಾಂಬಲ್ ಕಟ್ಟಿ ತಂದಳು. ಅವನ ಎದುರಿಗೆ ಆ ತಗಡಿನ ಹಲಗೆ ಬಿಸಿಲಿಗೆ ಕಾಯುತ್ತಿತ್ತು. ಕೈಗೆ ಸಿಕ್ಕಿದ ಕಲ್ಲೊಂದನ್ನು ಎತ್ತಿಕೊಂಡು ಗುರಿ ನೋಡಿದ. ಚಿಕ್ಕಂದಿನ ಗುರಿ ಇನ್ನೂ ತಪ್ಪಿರಲಿಲ್ಲ. ಈ ಸಲ ಅದನ್ನು ಉರುಳಿಸಿಯೇ ಬಿಡುತ್ತೇನೆ ಅಂದುಕೊಂಡ.

ಅಷ್ಟರಲ್ಲಿ ಹೆಗಲಿಗೆ ದೊಡ್ಡ ಚೀಲ ಹಾಕಿಕೊಂಡ ಅಪರಿಚಿತನೊಬ್ಬ ಅವನನ್ನು ದಾಟಿಕೊಂಡು ಗಲ್ಲಿಯೊಳಗೆ ಹೊರಟ.

"ಏಯ್! ಯಾರ್ರೀ ಅದು? ವರದಿ ಕೊಟ್ಟಿದೀರೇನ್ರೀ?"

ಯಾರು ಹಾಗೆ ಗದರಿದ್ದು ಎಂದು ಪರ್ಮಿನ್ ಗಾಬರಿಯಿಂದ ಸುತ್ತ ನೋಡಿದ. ಗುಡಿಸಲಲ್ಲಿ ಅವನನ್ನು ಬಿಟ್ಟು ಬೇರೆ ಗಂಡಸು ಇರಲಿಲ್ಲ. ವಾರ್ತಿನಿ ಮಾತ್ರ ಎಲೆ ಬಿಚ್ಚುವುದನ್ನು ನಿಲ್ಲಿಸಿ, ಪರಗಂಡಸನ್ನು ನೋಡುವಂತೆ ಅವನನ್ನೇ ನೋಡುತ್ತಿದ್ದಳು.