ಸೊಂಟದ ಅಳತೆಗೆ ಅರ್ಧ ಇಂಚು ಸೇರಿಸಿದ ಸೆಟ್ಟರ್ ಅವರಿಗೆ

ಮಾನ್ಯ ಸೆಟ್ಟರ್ ಅವರೇ,

ಮೊದಲಿಗೆ ತಮ್ಮ ಸಮ್ಮುಖಕ್ಕೆ ದೇವರಾಜ ಅರಸು ಬಡಾವಣೆಯ ಒಬ್ಬ ಸಾಮಾನ್ಯ ಗಿರಾಕಿಯ ಸವಿನಯ ನಮಸ್ಕಾರಗಳು. ಈ ಸಲ ಎರಡೂ ಕೈ ಜೋಡಿಸಿ.

ಕಳೆದ ಜೂನ್ ಹನ್ನೆರಡರ ಗುರುವಾರ ಹರಿಹರದಲ್ಲಿ ನಡೆದ ನಿವೃತ್ತ ಶಿಕ್ಷಕರ ಸಭೆಯಲ್ಲಿ ವಂದನಾರ್ಪಣೆಗೆ ಎದ್ದು ನಿಂತ ನಾನು, ಹೊಸ ಪ್ಯಾಂಟು ಜಾರದಂತೆ ಎಡಗೈಯಲ್ಲಿ ಹಿಡಿದುಕೊಂಡೇ, ಅಧ್ಯಕ್ಷರಿಂದ ಶಾಮಿಯಾನದವರ ತನಕ ಎಲ್ಲರಿಗೂ ಬಲಗೈ ಒಂದರಲ್ಲೇ ನಮಸ್ಕಾರ ಸಲ್ಲಿಸಬೇಕಾಯಿತು. ನಿಟ್ಟುವಳ್ಳಿಯ ಮಸ್ತಾನಸಾಬರು ಹೊಲಿದ ಪ್ಯಾಂಟಿಗೆ ನಲವತ್ತೊಂದು ವರ್ಷದಿಂದ ನಾನು ಬೆಲ್ಟು ಕಟ್ಟಿದವನಲ್ಲ. ಮೂವತ್ತನಾಲ್ಕು ಇಂಚು ಸಾಕಾಗುವ ನನಗೆ ಮೂವತ್ತೇಳೂವರೆ ದಯಪಾಲಿಸಿದ ದಾನಿಗಳು ತಾವೆಂಬುದು ಅಂದು ನನಗೆ ತಿಳಿದಿರಲಿಲ್ಲ.

ತಮ್ಮನ್ನು ಅರಿಯದ ಓದುಗರಿಗೆ ತಮ್ಮ ಪರಿಚಯ ಮಾಡಿಕೊಡುವುದು ನನ್ನ ಕರ್ತವ್ಯ. ಮಸ್ತಾನಸಾಬರ ಮಗ ರೌಫ್, ಅಂಗಡಿಯ ಅಳತೆ ಪುಸ್ತಕಗಳನ್ನು ಗೆದ್ದಲು ತಿನ್ನುವುದನ್ನು ನೋಡಲಾರದೆ, ಒಂದು ಹಳೆಯ ಐಪ್ಯಾಡಿಗೆ ಆ್ಯಪ್ ಮಾಡಿಸಿದರು. ಮಾಡಿಕೊಟ್ಟವರು ಹರಿಹರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಚೈತ್ರಾ. ಐಪ್ಯಾಡಿನ ವಯಸ್ಸಿಗೆ ಒಗ್ಗುವುದೆಂದು ಅವರು ಆರಿಸಿದ ಪ್ರೋಗ್ರಾಂ ಭಾಷೆ ಆಬ್ಜೆಕ್ಟಿವ್-ಸಿ. ಅದರಲ್ಲಿ ಗಿರಾಕಿ ಎಂದರೆ ಒಂದು ಆಬ್ಜೆಕ್ಟ್. ಅವನ ಎದೆ, ತೋಳು, ಸೊಂಟ ಒಂದೊಂದೂ ಒಂದೊಂದು ಪ್ರಾಪರ್ಟಿ. ಸೊಂಟದ ಅಂಕಿ ಒಳಗೊಂದು ಡಬ್ಬಿಯಲ್ಲಿ ಕೂತಿರುತ್ತದೆ. ಪ್ರೋಗ್ರಾಮಿನ ಸಾಲುಗಳಲ್ಲಿ ಅದನ್ನು ಓದಿ ಹೇಳುವವರು ಗೆಟ್ಟರ್; ಹೊಸ ಅಂಕಿಯನ್ನು ಒಳಗಿಡುವ ಸೆಟ್ಟರ್ ತಾವು. ಪ್ರೋಗ್ರಾಂ ಬರೆಯುವವರು ಒಂದು ಚುಕ್ಕೆ, ಒಂದು ಸಮ ಚಿಹ್ನೆ ಹಾಕಿ, ನೇರವಾಗಿ ಡಬ್ಬಿಗೇ ಕೈ ಹಾಕಿದೆವೆಂದು ಭಾವಿಸುತ್ತಾರಂತೆ. ವಾಸ್ತವದಲ್ಲಿ ಆ ಅಂಕಿ ತಮ್ಮ ಮೇಜನ್ನು ಹಾದೇ ಒಳಗೆ ಹೋಗಬೇಕು. ಮೂವತ್ತಾರು ವರ್ಷ ಸರ್ಕಾರಿ ಶಾಲೆಯಲ್ಲಿದ್ದ ನನಗೆ ಈ ಏರ್ಪಾಡು ಹೊಸದೆನಿಸಲಿಲ್ಲ.

ಸಭೆಯ ಮಾರನೆಯ ಬೆಳಿಗ್ಗೆ ನಾನು ಅಂಗಡಿಗೆ ಹೋಗಿ ನಾಲ್ಕು ಜನ ಗಿರಾಕಿಗಳ ಎದುರಿಗೆ, "ಏನ್ ಸಾಬ್ರೇ, ಕಣ್ಣು ಮಂಜಾದ್ವೇನ್ರಿ? ಟೇಪು ಬಿಟ್ಟು ಮನ್ಯಾಗ್ ಕೂಡ್ರಿ ಇನ್ನ" ಎಂದೆ. ಪರದೆ ಹೊಲಿಸಲು ಬಂದಿದ್ದ ಉಚ್ಚೆಂಗೆಮ್ಮ, "ಮೇಷ್ಟ್ರೇ, ಮನ್ಯಾಗ್ ಊಟ ಸರಿಯಾಗ್ ಹಾಕ್ತಾರೋ ಇಲ್ಲೋ, ಅದನ್ನೂ ನೋಡ್ಕಳ್ರಿ" ಎಂದು ನಗಿಸಿದರು. ಮಸ್ತಾನಸಾಬರು ನಗಲಿಲ್ಲ. ಐಪ್ಯಾಡನ್ನು ಬೆಳಕಿಗೆ ಹಿಡಿದು ನೋಡಿ, "ನಾನು ಮೂವತ್ನಾಕು ಅಂತಲೇ ಕೂಗಿದ್ದೆ ಅಂತ ನೆನಪು. ಇದ್ರಾಗೆ ಹಿಂಗೈತೆ ಅಂದ್ರೆ, ನಾನೇ ತಪ್ಪಿರಬೇಕು ಬಿಡ್ರಿ" ಎಂದರು. ಎಪ್ಪತ್ತೆರಡು ವರ್ಷದ ಆ ಮನುಷ್ಯ ಕೊರಳಿನ ಟೇಪನ್ನು ತೆಗೆದು ಮೊಳೆಗೆ ತೂಗುಹಾಕಿದವರು, ಇಂದಿನವರೆಗೂ ಯಾರ ಅಳತೆಯನ್ನೂ ತೆಗೆದಿಲ್ಲ. ಅಂಗಡಿಗೆ ಬರುತ್ತಾರೆ, ಗುಂಡಿ ಹಚ್ಚುತ್ತಾರೆ, ಹೋಗುತ್ತಾರೆ.

ವಾರದ ಮೇಲೆ ಚೈತ್ರಾ ಬಂದು ತಮ್ಮನ್ನು ಬಿಚ್ಚಿ ನೋಡಿದರು. ಮಸ್ತಾನಸಾಬರದು ಒಂದು ಹಳೆಯ ಪದ್ಧತಿ: ಸೊಂಟಕ್ಕೂ ಟೇಪಿಗೂ ನಡುವೆ ಎರಡು ಬೆರಳು ಇಟ್ಟು, ಅದೂ ಸೇರಿದ ಅಂಕಿಯನ್ನೇ ಬರೆದುಕೊಳ್ಳುವವರಿಗೆ ಗಟ್ಟಿಯಾಗಿ ಕೂಗುವುದು; ಗಿರಾಕಿಯ ಖಾಸಾ ಸೊಂಟ ಬೀದಿಗೆ ಕೇಳಬಾರದೆಂಬ ಮರ್ಯಾದೆ ಅದು. ಚೈತ್ರಾ ತಲೆ ತಗ್ಗಿಸಿ, "ಲೂಸ್ ಎಷ್ಟು ಬಿಡ್ತೀರಿ ಅಂತ ರೌಫಣ್ಣಂಗೆ ಕೇಳಿದ್ದೆ ಸರ್, ಅರ್ಧ ಇಂಚು ಅಂದ್ರು. ಸೆಟ್ಟರ್‌ನಾಗೇ ಕೂಡಿಸಿಬಿಟ್ಟೆ. ಸಾಬ್ರು ಕೂಗೋದ್ರಾಗೇ ಅದು ಇರುತ್ತೆ ಅಂತ ಯಾರೂ ಹೇಳ್ಲಿಲ್ಲ" ಎಂದರು. ಅಷ್ಟೇ ಆಗಿದ್ದರೆ ಅರ್ಧ ಇಂಚಿಗೆ ಮುಗಿಯುತ್ತಿತ್ತು. ಉಳಿಸಿಟ್ಟ ಅಂಕಿಯನ್ನು ಮತ್ತೆ ತೆರೆಯುವಾಗಲೂ ಅದು ನೇರ ಡಬ್ಬಿಗೆ ಹೋಗದೆ ತಮ್ಮ ಮೂಲಕವೇ ಹೋಗುವಂತೆ ಅವರು ಬರೆದಿದ್ದರು; ಪುಟ ಮುಚ್ಚಿದಾಗ ಬೆಳೆದ ಅಂಕಿಯೇ ಮತ್ತೆ ಉಳಿದುಕೊಳ್ಳುತ್ತಿತ್ತು. ಹೀಗಾಗಿ ರೌಫ್ ನನ್ನ ಫೋನ್ ನಂಬರಿಗಾಗಿ ನನ್ನ ಪುಟ ತೆರೆದಾಗ ಅರ್ಧ ಇಂಚು, ಬಟ್ಟೆಯ ಬಣ್ಣ ನೋಡಲು ತೆರೆದಾಗ ಇನ್ನರ್ಧ ಇಂಚು; ಬಟ್ಟೆಗೆ ಕತ್ತರಿ ಬೀಳುವ ಮುನ್ನ ಒಟ್ಟು ಆರು ಸಲ ನನ್ನನ್ನು ನೆನೆದರು, ಆರು ಸಲವೂ ನಾನು ಬೆಳೆದೆ.

ತಮ್ಮ ಔದಾರ್ಯವನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಅದೇ ಅಂಗಡಿಯ ಗಿರಾಕಿ, ಆನೆಕೊಂಡದ ಕಲ್ಲೇಶಪ್ಪನವರು ಸಕ್ಕರೆ ಕಾಯಿಲೆಯಿಂದ ಎಂಟು ಕಿಲೋ ಇಳಿದಿದ್ದರೂ ತಮ್ಮ ದಾಖಲೆಯಲ್ಲಿ ದಿನದಿನಕ್ಕೂ ಪುಷ್ಟರಾಗುತ್ತಿದ್ದರು. ಇಂಥ ಪ್ರತಿಭೆ ಒಂದು ಟೈಲರ್ ಅಂಗಡಿಯಲ್ಲಿ ಕೊಳೆಯಬಾರದು. ನಮ್ಮ ಬಡಾವಣೆಯ ರಸ್ತೆಯ ಅಗಲವನ್ನು ತಾವು ವಹಿಸಿಕೊಳ್ಳಬೇಕೆಂದು ಕೋರುತ್ತೇನೆ. ಹತ್ತೊಂಬತ್ತು ವರ್ಷದಿಂದ ಅದರ ಕಡತ ಎಷ್ಟು ಸಲ ತೆರೆದು ಮುಚ್ಚಿದೆಯೆಂದರೆ, ಇಷ್ಟು ಹೊತ್ತಿಗೆ ಎರಡು ಬಸ್ಸು ಅಕ್ಕಪಕ್ಕ ಹೋಗುವಷ್ಟಾಗುತ್ತಿತ್ತು. ಬೇಸಿಗೆಯಲ್ಲಿ ತುಂಗಭದ್ರೆಯ ನೀರಿನ ಮಟ್ಟವನ್ನೂ ದಯಮಾಡಿ ಆಗಾಗ ತೆರೆದು ನೋಡಬೇಕು.

ಚೈತ್ರಾ ಎರಡು ಸಾಲು ತಿದ್ದಿದ್ದಾರೆ. ಈಗ ತಾವು, ಕೊಟ್ಟಷ್ಟನ್ನೇ ಇಡುವ ಸಂಭಾವಿತರು. ಎಂದಿನಿಂದ ಎಂದು ಕೇಳಿದರೆ ತಮ್ಮಲ್ಲಿ ಉತ್ತರವಿಲ್ಲ, ಏಕೆಂದರೆ ಹಳೆಯ ಸಾಲು ಅಳಿಸಿಹೋಗಿದೆ. ನಾನು ಆಡಿದ ಮಾತು ಅಳಿಸಿಲ್ಲ. ಅದರ ತಪ್ಪು ನನ್ನದು. ಮಸ್ತಾನಸಾಬರ ಮನೆಗೇ ಹೋಗಿ, ತಪ್ಪಿದ್ದು ಆ್ಯಪ್ ಎಂದು ತಿಳಿಸಿ ಕ್ಷಮೆ ಕೇಳಿದೆ. ಅವರು ಚಹಾ ಕೊಟ್ಟು, "ನೀವು ಒಳ್ಳೇವ್ರು, ನನ್ ಸಮಾಧಾನಕ್ ಹೇಳ್ತೀರಿ ಮೇಷ್ಟ್ರೇ. ಮಷೀನು ಯಾಕ್ ಸುಳ್ ಹೇಳ್ತೈತ್ರಿ?" ಎಂದರು. ನನ್ನ ಮಾತನ್ನು ಅವರು ನಂಬುವುದಿಲ್ಲ. ತಮ್ಮ ಮಾತನ್ನು ನಂಬುತ್ತಾರೆ. ಈ ಪತ್ರದ ಅಗತ್ಯ ಬಂದದ್ದು ಅಷ್ಟಕ್ಕೇ.

ಇಷ್ಟಾದರೂ ತಮ್ಮ ಮೇಲೆ ವಿಶ್ವಾಸ ಇಡಲೇಬೇಕಾಗಿ ಬಂದಿರುವ,
ಹಾಲಸ್ವಾಮಿ
ನಿವೃತ್ತ ಮುಖ್ಯೋಪಾಧ್ಯಾಯ, ದಾವಣಗೆರೆ

ತಾ.ಕ.: ಉತ್ತರಿಸುವ ಕೆಲಸವನ್ನು ತಮ್ಮ ಜೊತೆಗಾರ ಗೆಟ್ಟರ್ ಅವರಿಗೆ ದಾಟಿಸಬೇಡಿ. ತಾವು ಇಟ್ಟದ್ದನ್ನು ಪ್ರಶ್ನೆಯಿಲ್ಲದೆ ಓದಿ ಹೇಳುವವರು ನಮ್ಮ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಅಂದು ಅಲ್ಲಿದ್ದ ನಾಲ್ವರು ಗಿರಾಕಿಗಳನ್ನೂ ನಾನು ಅಂಗಡಿಗೆ ಕರೆತರುತ್ತೇನೆ. ಐಪ್ಯಾಡಿನ ಪರದೆಯ ಮೇಲೆ, ಮಸ್ತಾನಸಾಬರು ಕನ್ನಡಕವಿಲ್ಲದೆ ಓದುವಷ್ಟು ದೊಡ್ಡ ಅಕ್ಷರದಲ್ಲಿ, ಆ ಮೂರೂವರೆ ಇಂಚು ಯಾರದೆಂದು ಎಲ್ಲರೆದುರಿಗೆ ತಾವೇ ಹೇಳಬೇಕು.